ನೀಲಿಗೆ ಹೆಪ್ಪು

ನಮ್ಮ ಅಡ್ಡಹೆಸರು ನೀಲಗಾರ. ಬೆಟಗೇರಿಯಲ್ಲಿ ನಮ್ಮ ಓಣಿಯೊಂದರಲ್ಲೇ ಈ ಹೆಸರಿನ ಆರು ಮನೆಗಳಿವೆ. ಒಬ್ಬರು ಬಸ್ ಕಂಡಕ್ಟರು, ಇಬ್ಬರು ಸಾಲಿ ಮಾಸ್ತರರು, ಒಬ್ಬರದು ಮೊಬೈಲ್ ರಿಪೇರಿ ಅಂಗಡಿ, ನಾನು ಚಿತ್ರ ಬರೆಯುವವಳು. ನೀಲಿ ಅದ್ದುವವರು ಒಬ್ಬರೂ ಇಲ್ಲ. ನೇಕಾರರ ನೂಲಿಗೆ ನೀಲಿ ಹಾಕಿಕೊಡುವುದೇ ಹಿಂದೆ ನೀಲಗಾರರ ಕಸುಬಾಗಿತ್ತು; ಮುಂಬೈ ಪ್ರಾಂತದ ಹಳೆಯ ಗೆಜೆಟಿಯರುಗಳಲ್ಲೂ ಹಾಗೆಯೇ ದಾಖಲಾಗಿದೆ. ನಮ್ಮ ಮನೆಯಲ್ಲಿ ಆ ಕಸುಬಿನ ಗುರುತು ಅಂತ ಉಳಿದದ್ದು ಅಜ್ಜಿ ಹೇಳುತ್ತಿದ್ದ ಒಂದು ಮಾತು ಮಾತ್ರ. "ನಮ್ಮ ಮಾವನವರ ಕೈ ಮೊಣಕೈತನಾ ನೀಲಿ ಇರ್ತಿತ್ತವ್ವಾ. ಸತ್ತ ದಿನಾನೂ ಆ ಬಣ್ಣ ಹೋಗಿರಲಿಲ್ಲ." ಹಿತ್ತಲಲ್ಲಿ ನೆಲಕ್ಕೆ ಹುಗಿದಿದ್ದ ಅವರ ಹರವಿಗಳಿಗೆ ಮಣ್ಣು ತುಂಬಿ ಮೇಲೆ ಫರಸಿ ಹಾಸಿದ್ದಾರೆ. ಈಗ ಅಲ್ಲಿ ನಮ್ಮ ಬಚ್ಚಲಿದೆ.

ಕಚ್ಛಿನ ಭುಜ್ ಹತ್ತಿರ ಸಾಂಪ್ರದಾಯಿಕ ಬಟ್ಟೆ ಕಸುಬು ಮತ್ತು ನೈಸರ್ಗಿಕ ಬಣ್ಣಗಾರಿಕೆಯ ಮೇಲೆ ಆರು ವಾರಗಳ ಕಲಾವಿದರ ರೆಸಿಡೆನ್ಸಿ, ಅಂದರೆ ಅಲ್ಲೇ ಇದ್ದು ಕೆಲಸ ಮಾಡುವ ಶಿಬಿರ, ಇದೆ ಎಂದು ಗೆಳತಿ ಹೇಳಿದ ರಾತ್ರಿಯೇ ಅರ್ಜಿ ತುಂಬಿದೆ. ಹತ್ತು ಚಿತ್ರಗಳ ಫೋಟೊ, ಐನೂರು ಪದಗಳಲ್ಲಿ ಒಂದು ಯೋಜನೆ. ಆರು ವಾರದಲ್ಲಿ ಹನ್ನೆರಡು ದೊಡ್ಡ ನೀಲಿ ಪಟ ಮಾಡುತ್ತೇನೆ ಎಂದು ಬರೆದಿದ್ದೆ. ಆ ಹನ್ನೆರಡರಲ್ಲಿ ಒಂದೂ ಆಗಲಿಲ್ಲ. ಆಗದ್ದಕ್ಕೆ ನನಗೆ ಬೇಸರವಿಲ್ಲ.

ಇಲ್ಲೇ ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಸಹಕಾರ ಸಂಘದವರು ನೈಸರ್ಗಿಕ ಬಣ್ಣ ಹಾಕುತ್ತಾರಲ್ಲ, ಅಷ್ಟು ದೂರ ಯಾಕೆ ಎಂದು ಕೆಲವರು ಕೇಳಿದರು. ಅಲ್ಲಿಗೆ ಹೋಗಿದ್ದೆ. ಅಡಿಕೆ ಬೇಯಿಸಿದ ಚೊಗರಿನಿಂದ ಬರುವ ಆ ಕಂದುಗೆಂಪನ್ನು ನೋಡಿದ ಮೇಲೆಯೇ ಬಣ್ಣವೆಂದರೆ ಟ್ಯೂಬಿನಿಂದ ಹಿಂಡುವುದಷ್ಟೇ ಅಲ್ಲ ಎಂದು ನನಗೆ ಹೊಳೆದದ್ದು. ಆದರೆ ನನಗೆ ಬೇಕಾಗಿದ್ದದ್ದು ಒಬ್ಬ ಮನುಷ್ಯ. ಅಪ್ಪನಿಂದ ಕಲಿತವನು, ಅವನಪ್ಪ ಅವನಪ್ಪನಿಂದ ಕಲಿತವನು. ನಮ್ಮ ಮನೆಯಲ್ಲಿ ಹರಿದುಹೋದ ಆ ಎಳೆ ಹರಿಯದೆ ಇದ್ದಿದ್ದರೆ ಹೇಗಿರುತ್ತಿತ್ತು ಎಂದು ಕಣ್ಣಾರೆ ನೋಡಬೇಕಿತ್ತು.

ಜನವರಿ ಮೊದಲ ವಾರ ಭುಜ್‌ಗೆ ಹೋದೆ. ಒಟ್ಟು ಐದು ಜನ ಬಂದಿದ್ದೆವು. ಮೊದಲ ವಾರವೆಲ್ಲ ಓಡಾಟ. ಭುಜೋಡಿಯ ನೇಕಾರರ ಮಗ್ಗ, ನಿರೋಣದಲ್ಲಿ ಹರಳೆಣ್ಣೆ ಕುದಿಸಿ ಅಂಟು ಮಾಡಿ ಕಡ್ಡಿಯ ತುದಿಯಿಂದ ಬಟ್ಟೆಯ ಮೇಲೆ ಎಳೆಯುವ ರೋಗನ್ ಕೆಲಸ, ಮನೆಮನೆಯಲ್ಲಿ ಹೆಂಗಸರು ಉಗುರಿನ ತುದಿಯಲ್ಲಿ ಬಟ್ಟೆ ಚಿವುಟಿ ಕಟ್ಟುವ ಬಾಂಧಣಿ. ನೋಡಿದ್ದು ಬಹಳ, ಉಳಿದದ್ದು ಕಡಿಮೆ. ಎರಡನೇ ವಾರ ನಮ್ಮನ್ನು ಒಬ್ಬೊಬ್ಬರನ್ನಾಗಿ ಒಂದೊಂದು ಕಾರ್ಖಾನೆಗೆ ಬಿಟ್ಟರು. ನನಗೆ ಸಿಕ್ಕಿದ್ದು ಅಜ್ರಖ್‌ಪುರದಲ್ಲಿ, ಮರದ ಅಚ್ಚೊತ್ತಿ ನೀಲಿ ಕೆಂಪು ಹಾಕುವ ಅಜ್ರಖ್ ಬಟ್ಟೆಯ ಊರಿನಲ್ಲಿ, ಆ ಕಸುಬಿನ ಖತ್ರಿ ಸಮುದಾಯದ ಒಬ್ಬ ಹಿರಿಯರ ಜಾಗ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ನನ್ನನ್ನು ಬೇಟಿ ಎಂದರು.

"ನೀಲಿ ಯಾವಾಗ ಚಾಚಾ?" ಇದು ನನ್ನ ಮೊದಲ ಪ್ರಶ್ನೆ.

"ಮೊದಲು ಬಟ್ಟೆ ಒಗೆಯೋದು ಕಲಿ."

ನೀಲಿ ಮುಟ್ಟುವುದಕ್ಕೆ ಹನ್ನೆರಡು ದಿನ ಹಿಡಿಯಿತು.

ಗಿರಣಿಯಿಂದ ಬಂದ ಹತ್ತಿ ಬಟ್ಟೆಯಲ್ಲಿ ಗಂಜಿ ಇರುತ್ತದೆ, ಎಣ್ಣೆ ಜಿಡ್ಡು ಇರುತ್ತದೆ. ಅದು ಹೋಗದೆ ಬಣ್ಣ ಒಳಗಿಳಿಯುವುದಿಲ್ಲ. ಹರಳೆಣ್ಣೆ, ಸೋಡಾ, ಒಂಟೆಯ ಹಿಕ್ಕೆ ಇವನ್ನು ನೀರಿನಲ್ಲಿ ಕದಡಿ ಬಟ್ಟೆಯನ್ನು ಅದರಲ್ಲಿ ತುಳಿದು, ರಾತ್ರಿಯೆಲ್ಲ ಮುದ್ದೆ ಮಾಡಿಟ್ಟು, ಹಗಲು ಬಿಸಿಲಿಗೆ ಹರವಬೇಕು. ಅರ್ಧ ಒಣಗಿದ ಮೇಲೆ ಮತ್ತೆ ಅದರಲ್ಲೇ ಅದ್ದಬೇಕು. ಇದಕ್ಕೆ ಸಾಜ್ ಎನ್ನುತ್ತಾರೆ. ಎಷ್ಟು ಸಲ ಮಾಡಬೇಕು ಎಂದು ಪುಸ್ತಕ ತೆರೆದುಕೊಂಡು ಕೇಳಿದೆ. ಚಾಚಾ ಉತ್ತರ ಕೊಡಲಿಲ್ಲ. ಬಟ್ಟೆಯ ಒಂದು ಮೂಲೆ ಹಿಡಿದು ಎರಡೂ ಅಂಗೈ ನಡುವೆ ಉಜ್ಜಿದರು. ಏನೂ ಆಗಲಿಲ್ಲ. ಮರುದಿನ ಉಜ್ಜಿದರು, ಆಗಲೂ ಇಲ್ಲ. ಐದನೇ ದಿನ ಉಜ್ಜಿದಾಗ ಸಾಬೂನು ಹಚ್ಚಿದ ಹಾಗೆ ಬೆರಳ ಸಂದಿಯಲ್ಲಿ ಬಿಳಿ ನೊರೆ ಬಂತು. ಎಣ್ಣೆ ಮತ್ತು ಸೋಡಾ ಸೇರಿ ಬಟ್ಟೆಯೊಳಗೇ ಸಾಬೂನಾಗಿತ್ತು. "ಈಗ ಹದ ಬಂತು" ಎನ್ನುವುದಕ್ಕೆ ಅವರ ಭಾಷೆಯಲ್ಲಿ ಅವರೇನೋ ಅಂದರು, ನನಗೆ ಕೇಳಿಸಿದ್ದು ಕನ್ನಡದಲ್ಲೇ. ಪಾಕಕ್ಕೆ ಎಳೆ ಬಂತೇ ಎಂದು ಅವ್ವ ಬೆರಳಲ್ಲಿ ನೋಡುವುದು ಕಣ್ಣಿಗೆ ಕಟ್ಟಿತು.

ಆಮೇಲೆ ಕಸಾನೊ. ಒಂದು ಚೀಲದಿಂದ ಒಣಗಿದ, ಗೆರೆಗೆರೆಯ, ಹಳದಿಗಂದು ಕಾಯಿಗಳನ್ನು ಸುರಿದು ಚಾಚಾ "ಹರಡೆ" ಎಂದರು. ಕೈಗೆತ್ತಿಕೊಂಡರೆ ನಮ್ಮ ಅಳಲೆಕಾಯಿ! ಚಿಕ್ಕಂದಿನಲ್ಲಿ ಕೆಮ್ಮು ಬಂದಾಗ ಅಜ್ಜಿ ಕಲ್ಲಿನ ಮೇಲೆ ತೇಯ್ದು ನಾಲಗೆಗೆ ಹಚ್ಚುತ್ತಿದ್ದದ್ದು. ಆ ಒಗರೇ ಇಲ್ಲಿ ಕೆಲಸ ಮಾಡುವುದು. ಅಳಲೆಯ ಪುಡಿ ಕದಡಿದ ನೀರಿನಲ್ಲಿ ಅದ್ದಿ ಒಣಗಿಸಿದ ಬಟ್ಟೆ ತಿಳಿ ಬೆಣ್ಣೆಯ ಬಣ್ಣಕ್ಕೆ ತಿರುಗುತ್ತದೆ. ಕಬ್ಬಿಣ ತಾಗಿದ ಕಡೆ ಅದು ಕಪ್ಪಾಗುತ್ತದೆ. ಕ್ಷೌರದಂಗಡಿಯಲ್ಲಿ ಉಜ್ಜುವ ಪಟಿಕ ತಾಗಿದ ಕಡೆ ಮುಂದೆ ಮಂಜಿಷ್ಠದ ಕೆಂಪು ಕಚ್ಚಿಕೊಳ್ಳುತ್ತದೆ. ಎರಡೂ ತಾಗದ ಕಡೆ ತೊಳೆದರೆ ಹೋಗುತ್ತದೆ. ಇಡೀ ಅಜ್ರಖ್ ಈ ಒಂದು ಗುಟ್ಟಿನ ಮೇಲೆ ನಿಂತಿದೆ ಎಂದರೂ ತಪ್ಪಿಲ್ಲ.

ಗುಟ್ಟು ಕಿವಿಯಿಂದ ಕೇಳಿದ್ದೆ, ಕೈಗೆ ಹತ್ತಿರಲಿಲ್ಲ. ಆ ಸಂಜೆ ಅಳಲೆ ಹಾಕಿದ ಎರಡು ಮೀಟರ್ ಬಟ್ಟೆಯನ್ನು ಇನ್ನೂ ಹಸಿಯಿರುವಾಗಲೇ ಕೋಣೆಗೆ ಒಯ್ದು ಕಿಟಕಿಯ ಸರಳಿಗೆ ಹರವಿ ಮಲಗಿದೆ. ಬೆಳಿಗ್ಗೆ ನೋಡಿದರೆ ಬಟ್ಟೆಯ ಉದ್ದಕ್ಕೂ ಎಂಟು ಕಪ್ಪು ಪಟ್ಟೆ. ತುಕ್ಕು ಹಿಡಿದ ಸರಳುಗಳು ಒಂದೊಂದೂ ತನ್ನ ರುಜು ಹಾಕಿತ್ತು. ಎಷ್ಟು ತೊಳೆದರೂ ಹೋಗಲಿಲ್ಲ. ಐದು ದಿನದ ಕೆಲಸ. ಚಾಚಾ ಮುಂದೆ ಹಿಡಿದು ನಿಂತಾಗ ಅಳು ಬರುವುದೊಂದು ಬಾಕಿ.

ಅವರು ಬೈಯಲಿಲ್ಲ. ಬಟ್ಟೆಯನ್ನು ಬಿಸಿಲಿಗೆ ಹಿಡಿದು ಪಟ್ಟೆಗಳನ್ನು ನೋಡಿದರು. "ಹೀಗೇ ಆಗಿದ್ದು ಧಮಡ್ಕಾದಲ್ಲಿ. ಆದರೆ ಇಡೀ ಊರಿಗೆ" ಎಂದರು.

ಧಮಡ್ಕಾ ಅವರ ಹಳೆಯ ಊರು. ಸಾರಣ್ ಹೊಳೆಯ ದಂಡೆಯಲ್ಲಿ ಖತ್ರಿಗಳು ನೂರಾರು ವರ್ಷ ಬಟ್ಟೆ ಒಗೆದ ಜಾಗ. ಹೊಳೆ ಬತ್ತುತ್ತ ಬಂದಿತ್ತು. 2001ರ ಜನವರಿ 26ರ ಭೂಕಂಪ ಮನೆಗಳನ್ನು ಕೆಡವಿದ್ದಷ್ಟೇ ಅಲ್ಲ, ನೆಲದೊಳಗಿನ ನೀರನ್ನೂ ಕೆಡಿಸಿತು. ನೀರಿನಲ್ಲಿ ಕಬ್ಬಿಣದ ಅಂಶ ಏರಿತು. ಮನೆ ಮತ್ತೆ ಕಟ್ಟಿಕೊಳ್ಳಬಹುದು; ಅಂಥ ನೀರಿನಲ್ಲಿ ಅಳಲೆಯ ಬಟ್ಟೆ ಅದ್ದಿದರೆ ಕೆಂಪು ಮಂಕಾಗುತ್ತದೆ, ಬಿಳಿ ಕೊಳೆಯಾಗುತ್ತದೆ. ಹೀಗಾಗಿ ಅನೇಕ ಕುಟುಂಬಗಳು ಭುಜ್‌ಗೆ ಸಮೀಪ ಜಮೀನು ಕೊಂಡು ಹೊಸ ಊರು ಕಟ್ಟಿಕೊಂಡವು. ಅದಕ್ಕೆ ತಮ್ಮ ಬಟ್ಟೆಯ ಹೆಸರನ್ನೇ ಇಟ್ಟರು. ಈ ಕಥೆಯನ್ನು ನಾನು ಬರುವ ಮೊದಲೇ ಓದಿದ್ದೆ. ನೀರಿಗಾಗಿ ಊರು ಬಿಟ್ಟರು ಎಂದರೆ ಕುಡಿಯುವ ನೀರು ಎಂದೇ ಮನಸ್ಸು ತಿಳಿದುಕೊಂಡಿತ್ತು. ಕೈಯಲ್ಲಿ ಆ ಎಂಟು ಪಟ್ಟೆ ಇಲ್ಲದಿದ್ದರೆ ಅದು ಹಾಗೆಯೇ ಉಳಿಯುತ್ತಿತ್ತು.

ಅಚ್ಚಿನ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನನ್ನ ಕೈ ಅದರಲ್ಲಿ ಪಳಗಲಿಲ್ಲ. ಗಾಂಧಿನಗರದ ಹತ್ತಿರದ ಪೇಥಾಪುರದಲ್ಲಿ ಕೆತ್ತಿದ ತೇಗದ ಅಚ್ಚುಗಳು. ಗೆರೆಗೆ ಒಂದು, ತುಂಬುವುದಕ್ಕೆ ಬೇರೆ. ಮೊದಲು ಸುಣ್ಣ ಮತ್ತು ಗೋಂದಿನ ಗೆರೆ, ಎಲ್ಲಿ ಬಿಳಿ ಉಳಿಯಬೇಕೋ ಅಲ್ಲಿ. ಆಮೇಲೆ ಕಪ್ಪು. ಆ ಕಪ್ಪು ಗುಜರಿ ಕಬ್ಬಿಣವನ್ನು ಬೆಲ್ಲ, ಕಡಲೆ ಹಿಟ್ಟಿನ ಜೊತೆ ಇಪ್ಪತ್ತು ದಿನದಷ್ಟು ಕೊಳೆಹಾಕಿ, ಹುಣಸೆ ಬೀಜದ ಪುಡಿ ಸೇರಿಸಿ ಕುದಿಸಿದ ಅಂಬಲಿ. ಅಚ್ಚಿನ ಹಿಂಬದಿಗೆ ಅಂಗೈ ಬುಡದಿಂದ ಒಂದು ಗುದ್ದು. ಚಾಚಾನ ಮಗ ಗುದ್ದಿದರೆ ಗೆರೆಗೆ ಗೆರೆ ಕೂಡುತ್ತಿತ್ತು, ನಾನು ಗುದ್ದಿದರೆ ಕೂದಲೆಳೆಯಷ್ಟು ಸಂದಿ. ಮಂಜಿಷ್ಠದ ಬೇರು ದುಬಾರಿಯಾದ್ದರಿಂದ ಎಲ್ಲ ಕೆಂಪೂ ಬೇರಿನಿಂದಲೇ ಬರುವುದಿಲ್ಲ, ಕಾರ್ಖಾನೆಯಲ್ಲಿ ಮಾಡಿದ ಅಲಿಜರಿನ್ ಎಂಬ ಕೆಂಪನ್ನೂ ಬಳಸುತ್ತೇವೆ ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅದನ್ನು ಮುಚ್ಚಿಡುವವರಿಗಿಂತ ಹೀಗೆ ಹೇಳುವವರ ಬಟ್ಟೆಯನ್ನು ನಾನು ನಂಬುತ್ತೇನೆ.

ನೀಲಿಯ ತೊಟ್ಟಿಯ ಮುಚ್ಚಳ ತೆಗೆದ ದಿನ ನನಗೆ ಮೊದಲು ಬಡಿದದ್ದು ವಾಸನೆ. ಕೊಟ್ಟಿಗೆ, ಕೊಳೆತ ಎಲೆ, ಹಳೆಯ ಬೆಲ್ಲ ಎಲ್ಲ ಸೇರಿದ ವಾಸನೆ. ಒಳಗೆ ನೀಲಿ ಇರಲಿಲ್ಲ. ಮೇಲೆ ತಾಮ್ರದ ಪಾತ್ರೆಯ ಹೊಳಪಿನ ಒಂದು ಪದರ, ನಡುವೆ ಕಡುನೀಲಿ ನೊರೆಯ ಗುಪ್ಪೆ. ಚಾಚಾ ನೊರೆ ಸರಿಸಿ ಬೊಗಸೆಯಲ್ಲಿ ನೀರೆತ್ತಿದರು: ಹಳದಿ ಬೆರೆತ ಹಸಿರು, ಗೋಮೂತ್ರದ ಹಾಗೆ ತಿಳಿ.

ನೀಲಿ, ಅಂದರೆ ನೀಲಿ ಗಿಡದ ಎಲೆಯಿಂದ ತೆಗೆದ ಇಂಡಿಗೊ, ನೀರಿನಲ್ಲಿ ಕರಗುವುದಿಲ್ಲ. ತಮಿಳುನಾಡಿನಿಂದ ಬರುವ ನೀಲಿ ಬಿಲ್ಲೆಯನ್ನು ಎಷ್ಟೇ ನುಣ್ಣಗೆ ಅರೆದು ಕಲಸಿದರೂ ಅದು ಕೆಸರಾಗಿ ತಳಕ್ಕೆ ಕೂರುತ್ತದೆ, ಬಟ್ಟೆಗೆ ಹತ್ತುವುದಿಲ್ಲ. ಸುಣ್ಣ ಹಾಕಿ ನೀರನ್ನು ಕ್ಷಾರ ಮಾಡಿ, ಬೆಲ್ಲ ಮತ್ತು ಬೇಯಿಸಿದ ತಗಚಿ ಬೀಜ ಹಾಕಿ ಹುದುಗು ಬರಿಸಿದರೆ, ಆ ಹುದುಗು ನೀರಿನೊಳಗಿನ ಆಮ್ಲಜನಕವನ್ನು ಕಸಿದುಕೊಂಡು ನೀಲಿಯ ರೂಪವನ್ನೇ ಬದಲಿಸುತ್ತದೆ. ಆಗ ನೀಲಿ ತನ್ನ ಬಣ್ಣ ಬಿಟ್ಟು ಕರಗುತ್ತದೆ, ನೂಲಿನೊಳಗೆ ಇಳಿಯುತ್ತದೆ. ಹೊರಗೆ ತೆಗೆದಾಗ ಗಾಳಿ ತಾಗಿ ಮತ್ತೆ ನೀಲಿಯಾಗಿ ಅಲ್ಲೇ ಕೂರುತ್ತದೆ. ತಗಚಿ ಎಂದರೆ ನಮ್ಮಲ್ಲಿ ಮಳೆಗಾಲದಲ್ಲಿ ತಿಪ್ಪೆ ಪಕ್ಕ, ರಸ್ತೆ ಬದಿ ತಾನಾಗಿ ಏಳುವ ಗಿಡ. ಬೆಟಗೇರಿಯಲ್ಲಿ ಅದನ್ನು ಯಾರೂ ತಿರುಗಿ ನೋಡುವುದಿಲ್ಲ.

ಬಟ್ಟೆಯನ್ನು ಮೊದಲೇ ನೀರಿನಲ್ಲಿ ನೆನೆಸಿ ಹಿಂಡಿ, ಗಾಳಿಯ ಒಂದು ಗುಳ್ಳೆಯೂ ಒಳಗೆ ಹೋಗದಂತೆ ಮೆಲ್ಲಗೆ ಜಾರಿಸಬೇಕು. ತಳದ ಗಸಿ ಕದಡಬಾರದು. ನನ್ನ ಕೈ ಮೊಣಕೈವರೆಗೆ ಒಳಗಿತ್ತು, ನೀರು ಬೆಚ್ಚಗಿತ್ತು, ಬೆರಳಿಗೆ ಬೆಣ್ಣೆ ಸವರಿದಷ್ಟು ಜಾರು. ಸುಮಾರು ಐದು ನಿಮಿಷ. ಎತ್ತು ಎಂದರು, ಎತ್ತಿದೆ. ಬಾಳೆಯ ಸುಳಿಯ ಹಸಿರು. ಬಿಡಿಸುತ್ತಿದ್ದಂತೆ ಅಂಚಿನಿಂದ ಬಣ್ಣ ಓಡಿಬಂತು. ಮಡಿಕೆಯೊಳಗೆ ಇನ್ನೂ ಹಸಿರು, ಹೊರಗೆ ಆಗಲೇ ನೀಲಿ, ನಡುವೆ ಹೆಸರಿಲ್ಲದ ಯಾವುದೋ ಬಣ್ಣ. ಒಂದು ನಿಮಿಷದಲ್ಲಿ ಅದೆಲ್ಲ ಮುಗಿಯಿತು. ನಾನು ಮಾತಾಡಲಿಲ್ಲ. ಚಾಚಾ ಆ ದೃಶ್ಯವನ್ನು ಅರವತ್ತು ವರ್ಷದಿಂದ ನೋಡುತ್ತಿದ್ದಾರೆ, ಅವರೂ ಬಟ್ಟೆಯನ್ನೇ ನೋಡುತ್ತ ನಿಂತಿದ್ದರು.

ಅವತ್ತು ಚಹಾ ಕುಡಿಯುವಾಗ ನಮ್ಮ ಅಡ್ಡಹೆಸರಿನ ಅರ್ಥ ಹೇಳಿದೆ. ಹರವಿಗಳ ವಿಷಯ, ಅಜ್ಜಿಯ ಮಾತು, ಬಚ್ಚಲು, ಎಲ್ಲ. ಅವರು ಲೋಟ ಕೆಳಗಿಟ್ಟು ಕೇಳಿದರು: "ಮುಚ್ಚಿದಾಗ ಯಾರಾದರೂ ಬಲ್ಲವರು ಬದುಕಿದ್ದರಾ?"

ಇರಲಿಲ್ಲ. ಮುತ್ತಜ್ಜ ಸತ್ತ ಮೇಲೆಯೇ ಮುಚ್ಚಿದ್ದು. ಅವರ ಮಕ್ಕಳು ಆಗಲೇ ಗಿರಣಿಯ ಕೆಲಸಕ್ಕೆ, ಶಾಲೆಯ ಕೆಲಸಕ್ಕೆ ಸೇರಿದ್ದರು. ಜರ್ಮನಿಯ ಬಿಎಎಸ್ಎಫ್ ಕಂಪನಿ ಕಾರ್ಖಾನೆಯಲ್ಲಿ ತಯಾರಿಸಿದ ನೀಲಿಯನ್ನು 1897ರಲ್ಲೇ ಮಾರುಕಟ್ಟೆಗೆ ತಂದಿತ್ತು. ಗಿಡದ ನೀಲಿಗೂ ಅದಕ್ಕೂ ಅಣು ಒಂದೇ, ಬಟ್ಟೆಯ ಮೇಲೆ ಕಣ್ಣಿಗೆ ವ್ಯತ್ಯಾಸ ತಿಳಿಯದು. ಅಗ್ಗದ್ದು ಗೆದ್ದಿತು. ಕಚ್ಛಿನಲ್ಲೂ ಗೆದ್ದಿತ್ತು, ಖತ್ರಿಗಳೂ ಒಂದು ಕಾಲಕ್ಕೆ ಡಬ್ಬಿಯ ಬಣ್ಣಗಳಿಗೇ ಹೋಗಿದ್ದರು. 1970ರ ದಶಕದಲ್ಲಿ ಧಮಡ್ಕಾದ ಮೊಹಮ್ಮದ್ ಸಿದ್ದಿಕ್ ಖತ್ರಿಯವರು ಹಳೆಯ ಬಣ್ಣಗಳಿಗೆ ಮರಳಿದರು, ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕಲಿಸಿದರು. ಅಲ್ಲಿಯೂ ಎಳೆ ಹರಿಯುವುದರಲ್ಲಿತ್ತು. ಅಷ್ಟರಲ್ಲಿ ಬಲ್ಲವರೊಬ್ಬರು ಇನ್ನೂ ಇದ್ದರು. ನಮಗೂ ಅವರಿಗೂ ಇರುವ ಅಂತರ ಅಷ್ಟೇ, ಒಂದು ತಲೆಮಾರಿನದು. ಆ ರಾತ್ರಿ ನಿದ್ದೆ ಬರಲಿಲ್ಲ.

ಮರುದಿನ ನನ್ನದೇ ಒಂದು ನೀಲಿ ಹಾಕುತ್ತೇನೆ ಎಂದು ಚಾಚಾನ ಅಪ್ಪಣೆ ಕೇಳಿದೆ. ಮೂವತ್ತು ಲೀಟರಿನ ಮಣ್ಣಿನ ಮಡಕೆ ಕೊಟ್ಟರು. ಬಿಲ್ಲೆ ಅರೆದೆ, ತಗಚಿ ಬೇಯಿಸಿದೆ, ಸುಣ್ಣ ತಿಳಿಗೊಳಿಸಿದೆ, ಬೆಲ್ಲ ಕದಡಿದೆ. ದೊಡ್ಡ ತೊಟ್ಟಿಗಳು ನೆಲದೊಳಗಿವೆ, ಮಣ್ಣಿನ ಕಾವು ಅವಕ್ಕಿದೆ. ನನ್ನ ಮಡಕೆ ಜಗುಲಿಯ ಮೇಲೆ, ಕಚ್ಛಿನ ಜನವರಿಯ ರಾತ್ರಿಯ ಚಳಿಯಲ್ಲಿ. ನಾಲ್ಕನೇ ದಿನವೂ ಅದು ಕೆಸರುನೀಲಿಯಾಗಿಯೇ ಇತ್ತು.

ಕೊನೆಯ ವಾರದ ಪ್ರದರ್ಶನಕ್ಕೆ ಒಂಬತ್ತು ದಿನ ಬಾಕಿ. ರೆಸಿಡೆನ್ಸಿಯ ಸಂಯೋಜಕರು ಬಂದು ನೋಡಿ, ಹೈಡ್ರೋಸ್ ಒಂದು ಚಮಚ ಹಾಕಿ, ಅರ್ಧ ಗಂಟೆಯಲ್ಲಿ ತಯಾರಾಗುತ್ತದೆ ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಎಷ್ಟೋ ಕಾರ್ಖಾನೆಗಳಲ್ಲಿ ಆ ರಾಸಾಯನಿಕವೇ ಹುದುಗಿನ ಕೆಲಸ ಮಾಡುತ್ತದೆ, ದಿನಕ್ಕೆ ನೂರಾರು ಮೀಟರ್ ಬಟ್ಟೆ ಕಳಿಸಬೇಕಾದವರನ್ನು ನಾನು ದೂರುವುದಿಲ್ಲ. ನನಗೆ ಮಾತ್ರ ಅದು ಬೇಡವಾಗಿತ್ತು. ಹನ್ನೆರಡು ಪಟದ ಯೋಜನೆಯನ್ನು ಬಿಟ್ಟುಕೊಡುತ್ತೇನೆ ಎಂದು ಅವರಿಗೆ ಹೇಳಿದೆ. ಅವರಿಗೆ ಇಷ್ಟವಾಗಲಿಲ್ಲ, ಆದರೂ ಒಪ್ಪಿದರು.

ಚಾಚಾ ಮಡಕೆಯ ಮೇಲೆ ಬಾಗಿ ಮೂಸಿದರು. "ಸತ್ತಿಲ್ಲ. ಚಳಿ ಆಗಿದೆ" ಎಂದರು. ಮನೆಯಿಂದ ಹೊದೆಯಲು ತಂದಿದ್ದ ಕೌದಿಯನ್ನು ತಂದು ಮಡಕೆಗೆ ಸುತ್ತಿದೆ. ಅಜ್ಜಿ ಹೊಲಿದ ಕೌದಿ, ಹಳೆಯ ಇಳಕಲ್ ಸೀರೆಗಳ, ಖಣದ ಕುಪ್ಪಸಗಳ ತುಂಡುಗಳದ್ದು. ಹಗಲು ಬಿಸಿಲಿಗೆ ಸರಿಸುವುದು, ಸಂಜೆ ಗೋಡೆಯ ಪಕ್ಕ ತಂದು ಸುತ್ತುವುದು, ಮಲಗುವ ಮುನ್ನ ಒಮ್ಮೆ ಮೂಸುವುದು. ಏನನ್ನು ಮೂಸಬೇಕೆಂದು ಅವರು ಹೇಳಿಕೊಟ್ಟದ್ದು ಎರಡೇ ಮಾತಿನಲ್ಲಿ: ಹುಳಿ ಬಂದರೆ ಸುಣ್ಣ ಕೇಳುತ್ತಿದೆ, ಏನೂ ಬಾರದಿದ್ದರೆ ಬೆಲ್ಲ ಕೇಳುತ್ತಿದೆ. ಮೊದಲ ದಿನಗಳಲ್ಲಿ ನನಗೆ ಎರಡೂ ಒಂದೇ ಅನಿಸುತ್ತಿತ್ತು. ಅವರು ಮೂಸಿ ಹೇಳುತ್ತಿದ್ದರು, ನಾನು ಮತ್ತೆ ಮೂಸುತ್ತಿದ್ದೆ. ಒಂದು ಬೆಳಿಗ್ಗೆ ಅವರು ಬರುವ ಮೊದಲೇ ಮೂಗು ಹುಳಿ ಎಂದಿತು. ಕಾದೆ. ಅವರೂ ಬಂದು ಮೂಸಿ "ಸುಣ್ಣ" ಎಂದರು.

ಕೌದಿ ಸುತ್ತಿದ ಹತ್ತನೇ ದಿನ ಅದನ್ನು ಬಿಚ್ಚಿದಾಗ ಮೇಲೆ ತಾಮ್ರದ ಪದರ ಕಟ್ಟಿತ್ತು. ಬೆಳಗಿನ ಎಳೆಬಿಸಿಲಿನಲ್ಲಿ ಅದು ಸಣ್ಣಗೆ ಮಿನುಗುತ್ತಿತ್ತು. ಎಂಟು ಪಟ್ಟೆ ಬಿದ್ದಿದ್ದ ಆ ಬಟ್ಟೆಯನ್ನೇ ತಂದು ಅದ್ದಿದೆ. ಆರು ಸಲ ಅದ್ದಿ ಆರು ಸಲ ಗಾಳಿಗೆ ಹಿಡಿದೆ. ಸರಳಿನ ಕಪ್ಪು ಹಾಗೇ ಉಳಿದು, ಅದರ ಸುತ್ತ ನೀಲಿ ತುಂಬಿತು.

ಪ್ರದರ್ಶನ ಎಂದೋ ನಿಗದಿಯಾಗಿತ್ತು, ಹಿಂದಿನ ದಿನವೇ ನಡೆದುಹೋಗಿತ್ತು. ಅಲ್ಲಿ ನನ್ನ ಜಾಗದಲ್ಲಿ ಇಟ್ಟದ್ದು ಮಡಕೆಯನ್ನೇ, ಕೌದಿ ಸಮೇತ. ಪಕ್ಕದ ಚೀಟಿಯಲ್ಲಿ ದಪ್ಪಕ್ಷರದಲ್ಲಿ ನನ್ನ ಹೆಸರು, ಕೆಳಗೆ ಸಣ್ಣದಾಗಿ "ಸ್ಥಳೀಯ ಕುಶಲಕರ್ಮಿಗಳ ಸಹಕಾರದೊಂದಿಗೆ" ಎಂದಿತ್ತು. ಅದನ್ನು ತೆಗೆಸಿ ಚಾಚಾನ ಹೆಸರು ಮೊದಲು, ಅವರ ಮಗನ ಹೆಸರು ಆಮೇಲೆ, ನನ್ನದು ಕೊನೆಗೆ ಬರೆಸಿದೆ. ಯಾರ ಕೈ ಯಾರಿಗೆ ಕಲಿಸಿತೋ ಆ ಸಾಲಿನಲ್ಲೇ ಹೆಸರು ಬರಬೇಕು ಎನ್ನುವುದರಲ್ಲಿ ನನಗೆ ಎರಡು ಮಾತಿಲ್ಲ.

ಹೊರಡುವ ಬೆಳಿಗ್ಗೆ ಚಾಚಿ ಬಾಜ್ರಾ ರೊಟ್ಟಿ ಕಟ್ಟಿಕೊಟ್ಟರು. ಚಾಚಾ ಒಂದು ಲೀಟರಿನ ಬಾಟಲಿ ತಂದರು, ಒಳಗೆ ದೊಡ್ಡ ತೊಟ್ಟಿಯ ಗಸಿ. "ಹೊಸ ಮಡಕೆಗೆ ಇದನ್ನು ಬೆರೆಸು, ಬೇಗ ಏಳುತ್ತೆ." ನಾವು ಮೊಸರಿಗೆ ಹೆಪ್ಪು ಕೊಟ್ಟ ಹಾಗೆ. ಆ ತೊಟ್ಟಿಗೆ ಅವರ ಅಪ್ಪನ ತೊಟ್ಟಿಯ ಗಸಿ ಬಂದಿತ್ತಂತೆ, ಧಮಡ್ಕಾ ಬಿಡುವಾಗ ಡಬ್ಬಿಯಲ್ಲಿ ತಂದದ್ದು.

ಗಾಂಧಿಧಾಮದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಹುಬ್ಬಳ್ಳಿಯವರೆಗೆ ಬಾಟಲಿಯನ್ನು ಕೌದಿಯಲ್ಲಿ ಸುತ್ತಿ ನೆಟ್ಟಗೆ ಇಟ್ಟುಕೊಂಡು ಬಂದೆ. ಗಾಳಿ ಕಟ್ಟಿ ಸಿಡಿಯಬಾರದೆಂದು ಆಗಾಗ ಬಾಗಿಲ ಬಳಿ ಹೋಗಿ ಮುಚ್ಚಳ ಸಡಿಲಿಸುತ್ತಿದ್ದೆ.

ಈಗ ಬೆಟಗೇರಿಯ ಹಿತ್ತಲಲ್ಲಿ, ಬಚ್ಚಲಿನ ಗೋಡೆಗೆ ತಾಗಿಸಿ, ಹೊಸ ಹರವಿಯೊಂದನ್ನು ಕುತ್ತಿಗೆವರೆಗೆ ಹುಗಿದಿದ್ದೇನೆ. ಇವತ್ತಿಗೆ ಆರನೇ ದಿನ. ತಗಚಿ ಬೀಜವನ್ನು ಗ್ರಂಥಿಗೆ ಅಂಗಡಿಯಲ್ಲಿ ಕೇಳಿದರೆ ಯಾಕೆ ಎಂದು ಕೇಳಿದರು, ಹೇಳಿದೆ. ಓಣಿಯ ಮಾಸ್ತರರು ಸಂಜೆ ಬಂದು ಇಣುಕಿ ಹೋಗುತ್ತಾರೆ. ಬೆಳಿಗ್ಗೆ ಅವ್ವ ಮುಚ್ಚಳ ಎತ್ತಿ ಮೂಗು ಹತ್ತಿರ ತಂದಳು. ನಾನಿನ್ನೂ ಏನೂ ಹೇಳಿಕೊಟ್ಟಿರಲಿಲ್ಲ.

"ಹುಳಿ ಬಂದೈತಲ್ಲವಾ ಇದು" ಎಂದಳು.

ಸೊಂಟದ ಸಂಚಿ ಬಿಚ್ಚಿ ಸುಣ್ಣದ ಡಬ್ಬಿ ತೆಗೆದು, ಎಷ್ಟು ಹಾಕಲಿ ಎಂದು ಕೇಳಿದಳು.